ಇಲ್ಲದ ಸೊಸೆಯನ್ನು ಹದಿನಾಲ್ಕು ದಿನಗಳಲ್ಲಿ ದೇಶ ಬಿಡಿಸುವ ಕುರಿತು

ವಿದೇಶಿಯರ ವಾಸದ ಪರವಾನಗಿಯನ್ನು ನವೀಕರಿಸುವ, ಅದಕ್ಕಿಂತ ಹೆಚ್ಚಾಗಿ ನವೀಕರಿಸದೇ ಇರುವ, ಘನ ಕಚೇರಿಯ ಮುಖ್ಯ ಅಧಿಕಾರಿಗಳಿಗೆ,

ಮಾನ್ಯರೇ,

ಮುರಗೋಡದಿಂದ ನಿವೃತ್ತ ಮುಖ್ಯೋಪಾಧ್ಯಾಯಿನಿ ಕಮಲಾಬಾಯಿ ಮಾಡುವ ಅನೇಕ ನಮಸ್ಕಾರಗಳು. ತಾವು ಕ್ಷೇಮ, ತಮ್ಮ ಕಂಪ್ಯೂಟರು ಕ್ಷೇಮ, ತಮ್ಮ ಮೊಹರೂ ಕ್ಷೇಮವೆಂದು ನಂಬಿದ್ದೇನೆ. ಈ ಕಡೆ ನಾವೆಲ್ಲರೂ ಕ್ಷೇಮ. ನಮ್ಮ ಸೊಸೆ ಮಾತ್ರ ತಮ್ಮ ದಾಖಲೆಯ ಪ್ರಕಾರ ಇಲ್ಲವೇ ಇಲ್ಲ.

ನನ್ನ ಮಗ ಸಮೀರ ಅರ್ಮೇನಿಯಾ ದೇಶದಲ್ಲಿ ಡಾಕ್ಟರಕಿ ಓದಿ, ಅಲ್ಲಿಯ ಅನಾಹಿತ್ ಎಂಬ ಹುಡುಗಿಯನ್ನು ಊರಿಗೆ ಕರೆತಂದು ಮದುವೆಯಾಗಿ ಆರು ವರ್ಷವಾಯಿತು. ನಮ್ಮ ಮನೆತನದ ಪದ್ಧತಿಯಂತೆ ಅಂದು ಹರಿವಾಣದಲ್ಲಿ ಅಕ್ಕಿ ಹರವಿ, ಮಗನ ಕೈಯಿಂದ ಉಂಗುರದಲ್ಲಿ ಹೊಸ ಹೆಸರು ಬರೆಸಿ, ಆಕೆಯನ್ನು ಶರ್ವರಿ ಮಾಡಿದೆವು. ಹೆಸರು ಆರಿಸಿದವಳು ನಾನೇ, ಆಕೆಯನ್ನು ಕೇಳಲಿಲ್ಲ. ಅಂದಿನಿಂದ ಓಣಿಯವರಿಗೆ, ಹಾಲಿನವರಿಗೆ, ಗಂಡನಿಗೂ ಆಕೆ ಶರ್ವರಿ. ಪಾಸ್‌ಪೋರ್ಟಿನಲ್ಲಿ ಮಾತ್ರ ಅನಾಹಿತ್, ಮತ್ತು ಪಾಸ್‌ಪೋರ್ಟು ಕಪಾಟಿನಲ್ಲಿರುತ್ತದೆ.

ನವೀಕರಣಕ್ಕೆ ಮಗ ಅರ್ಜಿ ಹಾಕಿದ್ದು ನನಗೆ ತಿಳಿದಿರಲಿಲ್ಲ. ವಿಚಾರಣೆಗೆ ಬಂದ ಪೇದೆಯವರ ದಕ್ಷತೆಯನ್ನು ಎಷ್ಟು ಹೊಗಳಿದರೂ ಕಡಿಮೆಯೇ. ಅವರು ಮೊದಲು ಪಕ್ಕದ ಮನೆಯ ಮುದಕಪ್ಪನನ್ನು ಕೇಳಿದರು. ಅಂಥ ಹೆಸರಿನವರು ಈ ಓಣಿಯಲ್ಲೇ ಇಲ್ಲವೆಂದು ಆತ ಆಣೆ ಮಾಡಿದ. ಆಮೇಲೆ ಪೇದೆಯವರು ನಮ್ಮ ಪಡಸಾಲೆಯಲ್ಲಿ ಕುಳಿತು, ಸೊಸೆ ತಂದಿಟ್ಟ ಚಹಾ ಕುಡಿದು, ಚಲೋ ಆಗಿದೆಯೆಂದು ಇನ್ನೊಂದು ಕಪ್ಪು ಬೇಡಿ, ಆಕೆ ಅಳುವ ಕೂಸನ್ನು ನೋಡಲು ಒಳಗೆ ಹೋದ ಮೇಲೆ ಕಾಗದ ಬಿಚ್ಚಿ, ಗ್ರಿಗೋರ್ಯಾನ್ ಅನಾಹಿತ್ ಎಂಬವರು ಇಲ್ಲಿದ್ದಾರೆಯೇ ಎಂದು ನನ್ನನ್ನು ಕೇಳಿದರು. ಕನ್ನಡ ಮಾತಾಡುವವಳು ಪರದೇಶದವಳಿರಲಾರಳೆಂಬ ನಂಬಿಕೆ ಅವರದು. ಆರು ವರ್ಷ ಕಿವಿಗೆ ಬೀಳದ ಆ ಹೆಸರನ್ನು ಮರೆತೇಬಿಟ್ಟು, ನಮ್ಮೂರ ಮಠ ನೋಡಲು ಬಂದ ಯಾರೋ ಪ್ರವಾಸಿ ತಪ್ಪಿಸಿಕೊಂಡಿರಬೇಕೆಂದು ತಿಳಿದು, ಮೂವತ್ತು ವರ್ಷ ಶಾಲೆಯಲ್ಲಿ ಹಾಜರಿ ಕರೆದ ನಾನು, "ಅಂಥವ್ರು ಯಾರೂ ಇಲ್ಲಿಲ್ಲರಿ" ಎಂದುಬಿಟ್ಟೆ.

ಪರಿಣಾಮವಾಗಿ, ಈ ವಿಳಾಸದಲ್ಲಿ ವಾಸವಿಲ್ಲದ ಅನಾಹಿತ್ ಹದಿನಾಲ್ಕು ದಿನಗಳಲ್ಲಿ ದೇಶ ಬಿಡಬೇಕೆಂದು ತಾವು ಇದೇ ವಿಳಾಸಕ್ಕೆ ರಜಿಸ್ಟರ್ ಪತ್ರ ಕಳುಹಿಸಿದಿರಿ. ಪೋಸ್ಟ್‌ಮನ್ ಕಲ್ಮೇಶ ಅದನ್ನು ಆಕೆಯ ಕೈಗೇ ಕೊಟ್ಟು ಸಹಿ ಪಡೆದ. ನಾನು ಮೂರು ಸಲ ಬಸ್ಸು ಹಿಡಿದು ತಮ್ಮಲ್ಲಿಗೆ ಬಂದೆ. ಮನೆಯ ಒಡತಿ ಬರೆದುಕೊಟ್ಟರೆ ಸಾಕೆಂದು ಮೊದಲ ಸಲ ಹೇಳಿದಿರಿ. ಬರೆದು ತಂದಾಗ, ಅನಾಹಿತ್ ಇಲ್ಲವೆಂದು ಒಡತಿಯೇ ಈಗಾಗಲೇ ಹೇಳಿಕೆ ಕೊಟ್ಟಿರುವುದರಿಂದ ಆಕೆಯ ಮಾತು ನಂಬಲರ್ಹವಲ್ಲ ಎಂದಿರಿ. ಮೂರನೆಯ ಸಲ ಸೊಸೆಯನ್ನೇ ತಂದು ಎದುರಿಗೆ ನಿಲ್ಲಿಸಿದೆ. ತಾವು ತಲೆ ಎತ್ತದೆ ಆಕೆಯನ್ನು ಕಂಪ್ಯೂಟರಿನಲ್ಲಿ ಹುಡುಕಿದಿರಿ. ಇಂಥ ಏಕಾಗ್ರತೆ ನನ್ನ ಒಬ್ಬ ವಿದ್ಯಾರ್ಥಿಯಲ್ಲೂ ಇರಲಿಲ್ಲ.

ತೊಟ್ಟಿಲಲ್ಲಿ ಎಂಟು ತಿಂಗಳ ಶ್ರದ್ಧಾ ಇದ್ದಾಳೆ, ಇನ್ನೂ ಮೊಲೆ ಬಿಟ್ಟಿಲ್ಲ. ತಾಯಿ ಹೋದರೆ ಆ ಕೂಸು ಯಾರ ಮಗ್ಗುಲಲ್ಲಿ ಮಲಗಬೇಕೆಂದು ತಮ್ಮ ಪತ್ರದಲ್ಲಿ ಎಲ್ಲಿಯೂ ಇಲ್ಲ. ಬಸ್ಸಿನಲ್ಲಿ ಮರಳುವಾಗ ಸೊಸೆ ನನಗೆ ಹೇಳಿದ್ದು ಒಂದೇ ಮಾತು: "ಅತ್ಯಾ, ನೀವ ನಾ ಇಲ್ಲ ಅಂದ್ರ, ನಾ ಎಲ್ಲಿರ್ಲಿ?" ನನಗೆ ನಾಚಿಕೆಯಾಯಿತು. ತಮಗೂ ಆಗಲೆಂದು ಇದನ್ನು ಬಹಿರಂಗವಾಗಿ ಬರೆಯುತ್ತಿದ್ದೇನೆ.

ವಿನಂತಿ ಇಷ್ಟೇ. ಇಲ್ಲದಿರುವ ಅನಾಹಿತ್‌ಳನ್ನು ಎಷ್ಟು ಸಲ ಬೇಕಾದರೂ ಗಡಿ ದಾಟಿಸಿರಿ, ಸವದತ್ತಿಯ ತನಕ ಬ್ಯಾಂಡು ಬಾರಿಸಿ ಬೀಳ್ಕೊಡಲು ನಾವು ಸಿದ್ಧ. ಶರ್ವರಿಯ ಮೇಲೆ ತಮ್ಮ ಆದೇಶವಿಲ್ಲದ್ದರಿಂದ ಆಕೆ ಇಲ್ಲೇ ಇರಲಿ. ಅದು ಆಗದಿದ್ದರೆ ತಾವೇ ಸಕುಟುಂಬ ಸಪರಿವಾರ ಮುರಗೋಡಕ್ಕೆ ದಯಮಾಡಿಸಿ, ಹರಿವಾಣದ ಅಕ್ಕಿಯ ಮೇಲೆ ತಮ್ಮ ಕಂಪ್ಯೂಟರಿಗೆ ಒಪ್ಪುವ ಹೆಸರನ್ನು ತಮ್ಮ ಮೊಹರಿನಿಂದಲೇ ಒತ್ತಿಕೊಡಿರಿ.

ತಮ್ಮ ವಿಶ್ವಾಸಿ, ಆದರೆ ತಮ್ಮ ವಿಶ್ವಾಸಕ್ಕೆ ಅರ್ಹಳಲ್ಲದ,
ಕಮಲಾಬಾಯಿ
ಮುರಗೋಡ

ತಾ.ಕ.: ಕಮಲಾಬಾಯಿ ಎಂಬುದೂ ಅಕ್ಕಿಯ ಮೇಲೆ ಬರೆದ ಹೆಸರೇ. ರಾಮದುರ್ಗದ ತವರಿನಲ್ಲಿ ನನಗೆ ಬೇರೆ ಹೆಸರಿತ್ತು, ಈಗ ಅದರಿಂದ ಕರೆಯುವವರು ಯಾರೂ ಉಳಿದಿಲ್ಲ. ಆ ಹೆಸರು ಹಿಡಿದು ತಮ್ಮ ಪೇದೆಯವರು ಹುಡುಕಿದರೆ, ನಲವತ್ತಾರು ವರ್ಷಗಳಿಂದ ನಾನೂ ಈ ಮನೆಯಲ್ಲಿ ವಾಸವಿಲ್ಲ. ಆದ್ದರಿಂದ ಹದಿನಾಲ್ಕನೆಯ ದಿನ ಜೀಪು ಕಳುಹಿಸುವುದಾದರೆ ಇಬ್ಬರಿಗೆ ಜಾಗವಿರಲಿ. ಕೂಸನ್ನು ನಾನು ತೊಡೆಯ ಮೇಲೆ ಕೂರಿಸಿಕೊಳ್ಳುತ್ತೇನೆ.