ಮೆಕ್ಯಾನಿಕ್ ಕೂತ ಕೂಡಲೇ ಮಾಯವಾಗುವ ನಡುಕದವರಿಗೆ

ಮಾನ್ಯರೇ,

ನನ್ನ ಹತ್ತೊಂಬತ್ತು ವರ್ಷದ ಡೀಸೆಲ್ ಕಾರಿನ ಹೊಟ್ಟೆಯಲ್ಲೆಲ್ಲೋ ಯಾರ ಅನುಮತಿಯನ್ನೂ ಕೇಳದೆ ವಾಸವಾಗಿರುವ ತಮಗೆ, ಆ ಕಾರಿನ ಮಾಲೀಕನೂ ತಮ್ಮ ಅಸ್ತಿತ್ವಕ್ಕೆ ಮುಖ್ಯ ಸಾಕ್ಷಿಯೂ ಆದ ನಾನು ಮಾಡುವ ಸವಿನಯ ವಂದನೆಗಳು. ತಮ್ಮ ಕ್ಷೇಮ ವಿಚಾರಿಸುವ ಅಗತ್ಯ ಕಾಣುತ್ತಿಲ್ಲ. ಇಂದು ಬೆಳಿಗ್ಗೆ ಗೇಟು ದಾಟುವಾಗಲೇ ತಾವು ಗಟ್ಟಿಮುಟ್ಟಾಗಿರುವ ಸುದ್ದಿ ನನ್ನ ಬೆನ್ನುಮೂಳೆಗೂ ಕನ್ನಡಕಕ್ಕೂ ಒಟ್ಟಿಗೆ ತಲುಪಿದೆ.

ತಮ್ಮ ಕಾರ್ಯವೈಖರಿಯನ್ನು ಮೆಚ್ಚದೆ ಇರಲಾರೆ. ನಿಂತ ಕಾರು ಹೊರಡಲೆಂದು ನಾನು ಕ್ಲಚ್ಚಿನ ಮೇಲಿನ ಕಾಲನ್ನು ಮೆಲ್ಲಗೆ ಸಡಿಲಿಸುತ್ತಿದ್ದಂತೆ ತಾವು ಮೊದಲು ಗೇರಿನ ಕಡ್ಡಿಯಲ್ಲಿ ಸುಳಿದು, ಅಲ್ಲಿಂದ ನನ್ನ ಸೀಟಿನ ಕೆಳಗೆ ನುಸುಳಿ, ಕೊನೆಗೆ ಬಾಗಿಲು, ಕಿಟಕಿಯ ಗಾಜು, ನನ್ನ ಹೆಂಡತಿಯ ಚೀಲದೊಳಗಿನ ಬೀಗದ ಕೈ ಗೊಂಚಲು ಎಲ್ಲವನ್ನೂ ಒಂದೇ ತಾಳಕ್ಕೆ ಕುಣಿಸುತ್ತೀರಿ. ಕಾರು ಹತ್ತು ಮಾರು ಹೋಗಿ ವೇಗ ಹಿಡಿದದ್ದೇ ತಡ, ಏನೂ ನಡೆದೇ ಇಲ್ಲವೆಂಬಂತೆ ಎದ್ದು ಹೋಗುತ್ತೀರಿ. ಮುಂದಿನ ಸಿಗ್ನಲ್ಲಿನಲ್ಲಿ ಮತ್ತೆ ಹಾಜರು. ನಾನು ಮೂವತ್ತೊಂದು ವರ್ಷ ಗ್ರಂಥಾಲಯದಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಅಷ್ಟು ವರ್ಷದಲ್ಲಿ ಇಷ್ಟು ತಪ್ಪದೆ ಕೆಲಸಕ್ಕೆ ಬಂದವರನ್ನು ಕಂಡಿಲ್ಲ, ನನ್ನನ್ನೂ ಸೇರಿಸಿ.

ಆದ್ದರಿಂದ ನನ್ನ ದೂರು ತಮ್ಮ ಹಾಜರಿಯ ಬಗ್ಗೆ ಅಲ್ಲ, ಗೈರುಹಾಜರಿಯ ಬಗ್ಗೆ.

ನಮ್ಮ ಬೀದಿಯ ಕೊನೆಯ ಗ್ಯಾರೇಜಿನ ಮೆಕ್ಯಾನಿಕ್ ಬಲ್ಲವನು, ಆದರೆ ಕಟ್ಟುನಿಟ್ಟಿನವನು. ಗಿರಾಕಿ ಸ್ಟೀರಿಂಗ್ ಮುಟ್ಟುವಂತಿಲ್ಲ ಎಂಬುದು ಅವನ ನಿಯಮ. ಹಿಂದೊಮ್ಮೆ ಒಬ್ಬ ಹಲ್ಲಿನ ಡಾಕ್ಟರು ಶಬ್ದ ಎಲ್ಲಿಂದ ಬರುತ್ತದೆಂದು ತೋರಿಸಲು ಹೋಗಿ ಗ್ಯಾರೇಜಿನ ಗೋಡೆಗೇ ಗುದ್ದಿದ್ದರಂತೆ. ಆ ಗೋಡೆಯ ತೇಪೆಯನ್ನು ಅವನು ಇಂದಿಗೂ ಹೊಸಬರಿಗೆ ತೋರಿಸುತ್ತಾನೆ. ಹಾಗಾಗಿ ಪರೀಕ್ಷೆಯ ದಿನ ಓಡಿಸುವವನು ಅವನು. ನಾನು ಪಕ್ಕದಲ್ಲಿ ಕೂತು, ಕಂಠಮಟ್ಟ ನೀರು ತುಂಬಿದ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು, ನೀರು ಯಾವ ಗಳಿಗೆಯಲ್ಲಿ ತುಳುಕುತ್ತದೆಂದು ಹೇಳಬೇಕು. "ಕಣ್ಣು ಲೋಟದ ಮೇಲಿರ್ಲಿ ಸಾರ್, ನನ್ನ ಕಡೆ ನೋಡ್ಬೇಡಿ" ಎಂದು ಅವನ ತಾಕೀತು. ಹೀಗೆ ನಾಲ್ಕು ಸಲ ಬಡಾವಣೆಯನ್ನು ಸುತ್ತಿದ್ದೇವೆ. ನಾಲ್ಕು ಸಲವೂ ತಾವು ಬರಲಿಲ್ಲ, ನೀರು ಅಲುಗಲಿಲ್ಲ.

ಆದರೂ ಆ ಪುಣ್ಯಾತ್ಮ ನನ್ನ ಮಾತನ್ನು ನಂಬಿ ಎಂಜಿನ್ ಕೂತಿರುವ ರಬ್ಬರ್ ಮೌಂಟುಗಳನ್ನು ಬದಲಿಸಿದ, ಚಕ್ರ ತಿರುಗಿಸುವ ಆಕ್ಸಲ್‌ಗಳನ್ನು ಕಳಚಿ ನೋಡಿದ, ಮೂರನೆಯ ಸಲ ಗೇರ್ ಬಾಕ್ಸನ್ನೇ ಇಳಿಸಿ, ಸುಟ್ಟು ಗಾಜಿನಂತೆ ನುಣುಪಾಗಿದ್ದ ಕ್ಲಚ್ ಪ್ಲೇಟನ್ನು ಬೆಳಕಿಗೆ ಹಿಡಿದು, "ಸಾರ್, ಇದನ್ನ ಹಾಕಿ ಎರಡು ವರ್ಷವೂ ಆಗಿಲ್ಲ, ಗುಟ್ಟಾಗಿ ಟ್ಯಾಕ್ಸಿ ಓಡಿಸ್ತೀರಾ?" ಎಂದು ಕೇಳಿ ಹೊಸದನ್ನು ಹಾಕಿದ. ಆಮೇಲೆ ಹದಿನೆಂಟು ದಿನ ತಾವು ಸುಮ್ಮನಿದ್ದಿರಿ. ಹತ್ತೊಂಬತ್ತನೆಯ ದಿನ ಹಣ್ಣಿನಂಗಡಿಯ ಎದುರು, ನಾಲ್ಕು ಜನ ನೋಡುತ್ತಿರುವಾಗ, ತಾವು ಮರಳಿ ಬಂದ ಠೀವಿಯನ್ನು ವರ್ಣಿಸಲು ನನ್ನ ಓದು ಸಾಲದು. ಈಗ ಆ ಮೆಕ್ಯಾನಿಕ್ ಬಾನೆಟ್ ಎತ್ತುವ ಮೊದಲು ನನ್ನ ನಿದ್ದೆಯ ಬಗ್ಗೆ ವಿಚಾರಿಸುತ್ತಾನೆ.

ನನಗೆ ಭ್ರಮೆಯೇನೂ ಇಲ್ಲವೆಂದು ಸಾಬೀತುಪಡಿಸಲು ನನ್ನ ತಮ್ಮನನ್ನು ಕರೆಸಿ ಓಡಿಸಿ ನೋಡೆಂದೆ. ನಾವಿಬ್ಬರೂ ಒಂದೇ ಮೈದಾನದಲ್ಲಿ ಒಬ್ಬನೇ ಅಪ್ಪನ ಹತ್ತಿರ ಡ್ರೈವಿಂಗ್ ಕಲಿತವರು, ಅವನ ಕೈ ನನಗಿಂತ ಹದ. ತಾವು ಅವನಿಗೂ ಪೂರ್ಣ ದರ್ಶನ ಕೊಟ್ಟಿರಿ. "ಅಣ್ಣಾ, ಇದು ಅಲುಗಾಟ ಅಲ್ಲ, ಚಳಿಜ್ವರ" ಎಂದು ಅವನು ತೀರ್ಪು ಕೊಟ್ಟ. ಅದನ್ನು ಒಯ್ದು ಮೆಕ್ಯಾನಿಕ್ಕಿನ ಮುಂದಿಟ್ಟರೆ, "ಒಂದೇ ಮನೆಯವರಲ್ವಾ ಸಾರ್" ಎಂದು ಅವನು ಕೈ ಒರೆಸಿಕೊಂಡ.

ನನ್ನ ಹೆಂಡತಿಯ ತಾಳ್ಮೆ ಅಷ್ಟು ದೊಡ್ಡದಲ್ಲ. "ನೀವು ಬೇಕಾದ್ರೆ ಅದರಲ್ಲಿ ಕೂತು ನಡುಗಿ, ನನಗೆ ಬಸ್ಸಿದೆ" ಎಂದವಳು ಬಸ್ಸನ್ನೂ ನೆಚ್ಚಿಕೊಳ್ಳದೆ, ಐವತ್ತಾರನೆಯ ವಯಸ್ಸಿನಲ್ಲಿ ಡ್ರೈವಿಂಗ್ ಸ್ಕೂಲಿಗೆ ಸೇರಿ, ಒಂದೇ ಸಲಕ್ಕೆ ಪಾಸಾಗಿ, ಹೊಸ ಕಾರಿನ ಚಿತ್ರಗಳನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದಾಳೆ. ಭಾನುವಾರ ಬೆಳಿಗ್ಗೆ ಹತ್ತಕ್ಕೆ ಗುಜರಿಯವನು ಬರುತ್ತಾನೆ. ಮೊನ್ನೆಯೇ ಬಂದು ನೋಡಿಹೋದವನು, ಸೀಟುಗಳು ಬೇರೆ ಕಡೆ ಹೋಗುತ್ತವೆ ಎಂದ. ಪಕ್ಕದ ಸೀಟಿನಲ್ಲಿ ನನ್ನ ಅಪ್ಪ ಹದಿಮೂರು ವರ್ಷ ಕೂತಿದ್ದರು. ಅವರ ನೋವಿನ ಮೊಣಕಾಲಿಗೆಂದು ಆ ಸೀಟನ್ನು ಒಂದು ಹಲ್ಲು ಹಿಂದಕ್ಕೆ ಸರಿಸಿದ್ದು, ಅವರು ಹೋಗಿ ಆರು ವರ್ಷವಾದರೂ ಅಲ್ಲೇ ಇದೆ. ಪ್ರತಿ ಸಲ ಹೊರಡುವಾಗ ಅವರು ಗೇರಿನ ಮೇಲಿನ ನನ್ನ ಕೈಯನ್ನು ನೋಡಿ ಸರಿ ಎಂಬಂತೆ ಒಮ್ಮೆ ತಲೆಯಾಡಿಸುತ್ತಿದ್ದರು. ಅಂಥ ಸೀಟು ಯಾವ ಬೇರೆ ಕಡೆ ಹೋಗಬೇಕು, ತಾವೇ ಹೇಳಿ.

ಆದಕಾರಣ ತಮ್ಮಲ್ಲಿ ಬೇಡಿಕೊಳ್ಳುವುದೇನೆಂದರೆ, ಶನಿವಾರ ಹತ್ತೂವರೆಗೆ ಮೆಕ್ಯಾನಿಕ್ ಕಾರಿನಲ್ಲಿ ಕೂತಾಗ ತಾವು ಒಂದೇ ಒಂದು ಸಲ ದಯಮಾಡಿಸಬೇಕು. ಅರ್ಧ ಲೋಟ ನೀರು ಚೆಲ್ಲಿದರೂ ಸಾಕು, ಒದ್ದೆಯಾಗಲೆಂದೇ ಹಳೆಯ ಪ್ಯಾಂಟು ತೊಟ್ಟು ಬರುತ್ತೇನೆ. ಖುದ್ದು ಬರಲು ಬಿಡುವಿಲ್ಲದಿದ್ದರೆ ತಮ್ಮ ಕೈಕೆಳಗಿನ ಯಾವುದಾದರೂ ಕಟಕಟ ಶಬ್ದವನ್ನಾದರೂ ಪ್ರತಿನಿಧಿಯಾಗಿ ಕಳಿಸಿಕೊಡಬೇಕು. ಮೆಕ್ಯಾನಿಕ್ ಮುಂದೆ ನಾಚಿಕೆಯಾಗುವುದಾದರೆ, ಅವನು ಕಣ್ಣು ಮುಚ್ಚಿಕೊಂಡು ಓಡಿಸುವಂತೆ ಕೇಳಿಕೊಳ್ಳಲೂ ಸಿದ್ಧನಿದ್ದೇನೆ.

ಇಲ್ಲಿಯವರೆಗೆ ಗುರುವಾರ ಬರೆದದ್ದು. ಇನ್ನು ಮುಂದಿನದು ಭಾನುವಾರ ಮಧ್ಯಾಹ್ನದ್ದು.

ಶನಿವಾರ ತಾವು ಬರಲಿಲ್ಲ. ಲೋಟದ ನೀರನ್ನು ಮೆಕ್ಯಾನಿಕ್ ಕುಡಿದು ಲೋಟ ವಾಪಸು ಕೊಟ್ಟ.

ಇಂದು ಬೆಳಿಗ್ಗೆ ಗುಜರಿಯವನ ಲಾರಿ ನಮ್ಮ ಕಿರುಬೀದಿಯೊಳಗೆ ತಿರುಗದೆ, ಕಾರನ್ನು ಬೀದಿಯ ತುದಿಗೆ ತರಬೇಕಾಯಿತು. ನನಗೆ ಮನಸ್ಸಾಗಲಿಲ್ಲ. ಹೆಂಡತಿ ಬೀಗದ ಕೈ ಕಿತ್ತುಕೊಂಡು ಮೊದಲ ಬಾರಿಗೆ ಆ ಕಾರಿನ ಸ್ಟೀರಿಂಗ್ ಮುಂದೆ ಕೂತಳು. ತಮ್ಮ ಗಡಗಡ ಸದ್ದಿಗಾಗಿ ನಾನು ಗೇಟಿನ ಬಳಿ ಹಲ್ಲು ಕಚ್ಚಿ ನಿಂತೆ. ಕಾರು ನೀರಿಗಿಳಿದ ಬಾತುಕೋಳಿಯಂತೆ ಸರಿದು ಹೋಯಿತು. ಲಾರಿಯ ಬಳಿ ನಿಲ್ಲಿಸಬೇಕಾದವಳು ನಿಲ್ಲಿಸದೆ ಇಡೀ ಬಡಾವಣೆ ಸುತ್ತಿ ಬಂದು ಗಾಜಿಳಿಸಿ, "ರೀ, ಇದಕ್ಕೆ ಏನಾಗಿದೆ ಅಂತ ನೀವು ಇಷ್ಟು ದಿನ ಅತ್ತಿದ್ದು? ಬನ್ನಿ, ನೀವು ಓಡಿಸಿ, ನಾನು ನೋಡ್ತೀನಿ" ಎಂದಳು.

ನಾನು ಕೂತೆ. ಹೊರಡಿಸಿದೆ. ತಾವು ಸಕಲ ಪರಿವಾರದೊಂದಿಗೆ ಆಗಮಿಸಿದಿರಿ. ಆದರೆ ಈ ಸಲ ಪಕ್ಕದಲ್ಲಿದ್ದವಳ ಕೈಯಲ್ಲಿ ಲೋಟವಿರಲಿಲ್ಲ, ಅವಳ ಕಣ್ಣು ನನ್ನ ಕೈಯ ಮೇಲಿತ್ತು.

"ಯಾಕೆ ಎರಡನೇ ಗೇರಲ್ಲಿ ಹೊರಟ್ರಿ?" ಎಂದು ಅವಳು ಕೇಳಿದಳು. ಹೊರಡುವುದು ಎರಡರಲ್ಲೇ, ಒಂದು ಇರುವುದು ಗುಡ್ಡ ಹತ್ತಲಿಕ್ಕೆ ಎಂದು ನಾನು ತಿಳಿಯದವಳಿಗೆ ತಿಳಿಸುವ ದನಿಯಲ್ಲಿ ಹೇಳಿದೆ. "ಹೊರಡೋದು ಒಂದರಲ್ಲಿ ರೀ, ಡ್ರೈವಿಂಗ್ ಸ್ಕೂಲಲ್ಲಿ ಮೊದಲ ದಿನ ಹೇಳಿಕೊಟ್ಟಿದ್ದೇ ಅದು" ಎಂದಳು.

ಮಾನ್ಯರೇ, ನನ್ನ ನೆನಪಿನ ಶಕ್ತಿಯ ಬಗ್ಗೆ ನನಗೆ ಹೆಮ್ಮೆಯಿದೆ. ನೀರಿನ ಟ್ಯಾಂಕಿನ ಹಿಂದಿನ ಮೈದಾನದಲ್ಲಿ ಅಪ್ಪ ತಮ್ಮ ಮೊದಲ ಕಾರಿನಲ್ಲಿ ನಮ್ಮಿಬ್ಬರನ್ನು ಕೂರಿಸಿಕೊಂಡು, "ಒಂದನ್ನ ಮುಟ್ಬೇಡಿ, ಅದು ಗುಡ್ಡಕ್ಕೆ" ಎಂದದ್ದು ಈಗಲೂ ಕಿವಿಯಲ್ಲಿದೆ. ನಮ್ಮದು ತಟ್ಟೆಯಂಥ ಊರು, ಗುಡ್ಡವೇ ಎದುರಾಗಲಿಲ್ಲ. ಮುಂದೆ ಅಪ್ಪನಿಂದ ಆ ಕಾರನ್ನು ಕೊಂಡವನು ವಾರದೊಳಗೆ ಬಂದು, ಒಂದನೆಯ ಗೇರಿಗೆ ಹಲ್ಲುಗಳೇ ಇಲ್ಲವೆಂದು ಕೂಗಾಡಿದ್ದೂ, ಅಪ್ಪ ಶಾಂತರಾಗಿ, ನಮಗೆ ಅದರ ಅಗತ್ಯ ಬೀಳಲಿಲ್ಲ ಎಂದದ್ದೂ ನೆನಪಿದೆ. ಅಪ್ಪನ ಸಮಾಧಾನ ಎಂಥದೆಂದು ತೋರಿಸಲು ಈ ಪ್ರಸಂಗವನ್ನು ನಾನು ಎಷ್ಟೋ ಜನರಿಗೆ ಹೇಳಿದ್ದೇನೆ. ಹಲ್ಲುದುರಿದ ಒಂದು ಕಾರಿಗೆ ಮಾಡಿದ ಏರ್ಪಾಟನ್ನು ಎಲ್ಲ ಕಾರುಗಳ ಶಾಸ್ತ್ರವೆಂದು ನಲವತ್ತು ವರ್ಷ ಪಾಲಿಸಿ, ಕ್ಲಚ್ ಸುಟ್ಟು, ಎಂಜಿನ್ನಿಗೆ ಉಬ್ಬಸ ಬರಿಸಿ, ಊರಿನ ರಬ್ಬರೆಲ್ಲ ಬದಲಿಸಿದೆ ಎಂಬುದು ಮಾತ್ರ ಇಂದು ಹತ್ತೂಕಾಲಿಗೆ ಹೊಳೆಯಿತು.

ಒಂದಕ್ಕೆ ಹಾಕಿ ಹೊರಟೆ. ತಾವು ಬರಲಿಲ್ಲ. ಲಾರಿ ಬಂದ ದಾರಿಯಲ್ಲೇ ಹಿಂದಿರುಗಿತು.

ದೂರನ್ನು ಹಿಂಪಡೆಯುತ್ತಿಲ್ಲ, ತಮ್ಮ ವಿಳಾಸವನ್ನಷ್ಟೇ ತಿದ್ದಿಕೊಂಡಿದ್ದೇನೆ: ತಾವು ಇದ್ದದ್ದು ಕಾರಿನಲ್ಲಲ್ಲ, ನನ್ನ ಕೈಯಲ್ಲಿ. ಆದರೂ ಮೆಕ್ಯಾನಿಕ್ ಕೂತಾಗ ಒಂದೇ ಒಂದು ಸಲ ಬಂದು ಹೋಗಬೇಕೆಂಬ ಮನವಿ ಹಾಗೇ ಇದೆ. ಅವನಿಗೆ ನಿಜ ಹೇಳುವುದಕ್ಕಿಂತ ಅದೇ ಸುಲಭ. ಸದ್ಯಕ್ಕೆ ಸ್ಟೀರಿಂಗ್ ಹೆಂಡತಿಯ ವಶದಲ್ಲಿದೆ. ಮಾರ್ಕೆಟ್ಟಿಗೆ ಹೋಗಿಬರುವಾಗ ನಾನು ಅಪ್ಪನ ಸೀಟಿನಲ್ಲಿ ಕೂತಿದ್ದೆ. ಅದನ್ನು ಸರಿಸಬೇಕಾಗಲಿಲ್ಲ, ನನ್ನ ಮೊಣಕಾಲಿಗೂ ಈಗ ಅದೇ ಅಳತೆ. ಅವಳು ಒಂದಕ್ಕೆ ಹಾಕಿದಾಗ ನನ್ನ ತಲೆ ತಾನಾಗಿ ಆಡಿತು.

ಇಷ್ಟೆಲ್ಲ ಆದ ಮೇಲೂ,
ತಮ್ಮ ವಿಶ್ವಾಸಿ,
ಪಕ್ಕದ ಸೀಟಿನವನು

ತಾ.ಕ.: ತಮ್ಮನಿಗೆ ಫೋನ್ ಮಾಡಿ ಎಲ್ಲವನ್ನೂ ವಿವರಿಸಿದೆ. ಅವನು ಪೂರ್ತಿ ಕೇಳಿಸಿಕೊಂಡು, "ಅಣ್ಣಾ, ಅಪ್ಪ ಸುಮ್ಮಸುಮ್ಮನೆ ಹೇಳ್ತಿದ್ರಾ?" ಎಂದು ಫೋನ್ ಇಟ್ಟ. ನಡುಗುತ್ತವೆಂದು ಅವನು ಈಗಾಗಲೇ ಎರಡು ಕಾರು ಮಾರಿದ್ದಾನೆ, ಮೂರನೆಯದು ಹೋದ ತಿಂಗಳು ಬಂದಿದೆ. ತಾವು ಹೊಸ ಮನೆ ಹುಡುಕುತ್ತಿದ್ದರೆ ಸಂಕೋಚವಿಲ್ಲದೆ ಅಲ್ಲಿಗೆ ಹೋಗಬಹುದು. ಕಾರು ಬಲು ಚೆನ್ನಾಗಿದೆ, ಒಂದನೆಯ ಗೇರನ್ನಂತೂ ಯಾರೂ ಮುಟ್ಟಿಯೇ ಇಲ್ಲ.