ಕೇಳಿ ತಂದ ಕಡ್ಡಿ, ಕದ್ದು ತಂದ ಕಡ್ಡಿ

ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದ ನಾನು, ನಿವೃತ್ತನಾದ ಮೊದಲ ವಸಂತದಲ್ಲೇ ಒಂದು ಮೂಢನಂಬಿಕೆಯನ್ನು ಭೂಮಿಯ ಮೇಲಿಂದ ಅಳಿಸಿಹಾಕಲು ತೀರ್ಮಾನಿಸಿದೆ. ಇಡೀ ಭೂಮಿ ಒಮ್ಮೆಲೇ ಆಗದಿದ್ದರೆ ಆಳಂದದಿಂದ ಶುರುಮಾಡಿದರಾಯಿತು. ಆಳಂದವೂ ದೊಡ್ಡದೆನಿಸಿದರೆ ನನ್ನ ಹೆಂಡತಿ ಶಿವಕಾಂತಾಳಿಂದ!

ಸರಸಂಬಾದ ಗೆಳೆಯ ಗುರುಲಿಂಗನ ಹಿತ್ತಲಿನಿಂದ ಕೇಳಿ ತಂದಿದ್ದ ದಾಸವಾಳದ ಕಡ್ಡಿ ಹದಿನಾರನೆಯ ದಿನಕ್ಕೆ ಒಣಗಿತು. ಶಿವಕಾಂತಾ ಅದನ್ನು ಕಿತ್ತು ನೋಡಿ ತೀರ್ಪು ಕೊಟ್ಟಳು.

"ಕೇಳಿ ತಂದ್ರಿ, ಅದಕ್ಕ ಸತ್ತದ. ಗಿಡ ತುಡುಗಿಲೆ ತಂದ್ರನ ಜೀವ ಹಿಡೀತದ."

"ಕದ್ದರೆ ಬೆಳೀತದ ಅನ್ನೋದಕ್ಕ ಪುರಾವೆ ಏನು?"

"ನಮ್ಮವ್ವ ಹೇಳ್ಯಾಳ."

"ನಿಮ್ಮವ್ವ ಪುರಾವೆ ಅಲ್ಲ."

"ಹಂಗಂತ ಆಕಿಗೇ ಹೇಳ್ರಿ. ಫೋನ್ ಹಚ್ಚತೇನಿ, ತಡೀರಿ."

ಫೋನ್ ಹಚ್ಚುವುದನ್ನು ತಡೆದು, ಪ್ರಯೋಗ ಘೋಷಿಸಿದೆ. ಪ್ರತಿ ಮನೆಯಿಂದ ಒಂದೇ ಜಾತಿಯ ಎರಡು ಕಡ್ಡಿ. ಒಂದು ಕೇಳಿ ತಂದದ್ದು, ಇನ್ನೊಂದು ಕದ್ದು ತಂದದ್ದು. ಒಂದೇ ಅಳತೆಯ ಡಬ್ಬಿ, ಒಂದೇ ಮಣ್ಣು, ಒಂದೇ ಬಿಸಿಲು, ದಿನಕ್ಕೆ ಇನ್ನೂರು ಮಿಲಿಲೀಟರ್ ನೀರು. ಎರಡೂ ಒಂದೇ ರೀತಿ ಬೆಳೆದವೆಂದರೆ ಅತ್ತೆಯವರ ಸಿದ್ಧಾಂತ ನೆಲಕಚ್ಚುತ್ತದೆ!

ವಿಜ್ಞಾನಕ್ಕಾಗಿ ಕಳ್ಳತನ ಮಾಡುವುದು ಅಂದುಕೊಂಡಷ್ಟು ಕಷ್ಟವಲ್ಲ. ಐದು ಜನ ಸ್ನೇಹಿತರ ಮನೆಗೆ ಹೋದೆ. ಚಹಾ ಕುಡಿದೆ, ಗಿಡ ಹೊಗಳಿದೆ, ಕಡ್ಡಿ ಕೇಳಿದೆ. ಕೊಟ್ಟದ್ದನ್ನು ಸುತ್ತಲು ಅವರು ಪೇಪರ್ ತರಲೆಂದು ಒಳಗೆ ಹೋದಾಗ ಬ್ಲೇಡಿನಿಂದ ಇನ್ನೊಂದನ್ನು ಕತ್ತರಿಸಿಕೊಂಡೆ. ಸರಾಸರಿ ನಲವತ್ತು ಸೆಕೆಂಡಿನ ಕೆಲಸ.

ಇಪ್ಪತ್ತೆಂಟನೆಯ ದಿನದ ಫಲಿತಾಂಶ: ಕೇಳಿ ತಂದ ಐದರಲ್ಲಿ ನಾಲ್ಕು ಸತ್ತವು. ಕದ್ದು ತಂದ ಐದೂ ಚಿಗುರಿದವು!

ಶಿವಕಾಂತಾ ನನ್ನ ಚಹಾಕ್ಕೆ ಅರ್ಧ ಚಮಚ ಸಕ್ಕರೆ ಜಾಸ್ತಿ ಹಾಕತೊಡಗಿದಳು, ಅಷ್ಟೇ. ಸೋತವನಿಗೆ ಮಾಡುವ ಉಪಚಾರ ಅದು. ಐದು ಮನೆ ಸಣ್ಣ ಮಾದರಿ, ಸಣ್ಣ ಮಾದರಿಯಿಂದ ನಿರ್ಣಯಕ್ಕೆ ಬರಬಾರದೆಂದು ನನಗೆ ನಾನೇ ಪಾಠ ಹೇಳಿಕೊಂಡೆ. ಆರನೆಯ ಮನೆ ಬೇಕಾಗಿತ್ತು. ಉಳಿದಿದ್ದವನು ಜಗದೇವ ಒಬ್ಬನೇ.

ಜಗದೇವ ಬ್ಯಾಂಕಿನಿಂದ ನಿವೃತ್ತನಾದವನು. ಹನ್ನೊಂದು ವರ್ಷಗಳಿಂದ ಬೆಳಗ್ಗೆ ಐದೂಮುಕ್ಕಾಲಿಗೆ ನಾನು ಅವನ ಗೇಟಿನ ಮುಂದೆ ನಿಂತು ಕೆಮ್ಮುತ್ತೇನೆ, ಅವನು ಹೊರಬರುತ್ತಾನೆ, ಇಬ್ಬರೂ ಖಜೂರಿ ರಸ್ತೆಯಲ್ಲಿ ಎರಡು ಕಿಲೋಮೀಟರ್ ಹೋಗಿ ಬರುತ್ತೇವೆ. ನನಗೆ ಇನ್ನೊಬ್ಬ ಇಂಥ ಗೆಳೆಯನಿಲ್ಲ. ಅದಕ್ಕೇ ಅವನನ್ನು ಪ್ರಯೋಗದಿಂದ ದೂರ ಇಟ್ಟಿದ್ದೆ. ಆದರೆ ಅವನ ಅಂಗಳದಲ್ಲಿ ಮೋಗ್ರಾ ಮಲ್ಲಿಗೆ ಇತ್ತು, ಮೈತುಂಬ ಮೊಗ್ಗು ಬಿಟ್ಟಿತ್ತು.

ಭಾನುವಾರ ಕೇಳಿದೆ. ಜಗದೇವ ಗಿಡದ ಸುತ್ತ ಎರಡು ಸಲ ತಿರುಗಿ, ಗೋಡೆಯ ಮಗ್ಗುಲಿನ ಒಂದು ಕಡ್ಡಿಯನ್ನು ನೆಟ್ಟಗೆ ಕತ್ತರಿಸಿದ.

"ಹಂಗಲ್ಲಲೇ! ಗೆಣ್ಣಿನ ಕೆಳಗ, ಓರೆಯಾಗಿ, ನಲವತ್ತೈದು ಡಿಗ್ರಿ!" ಎಂದು ಬ್ಲೇಡ್ ಹಿಡಿದು ತೋರಿಸಿಕೊಟ್ಟೆ.

"ಆಯ್ತಪ್ಪಾ ಮಾಸ್ತರ್, ಇಡೀ ಆಳಂದದಾಗ ಹಿಂಗ ಅಳತಿ ಹಚ್ಚಿ ಕೊಯ್ಯಾಂವ ನೀ ಒಬ್ಬನ."

ಸೋಮವಾರ ಹತ್ತು ನಿಮಿಷ ಮುಂಚೆ ಹೋದೆ. ಒಂದೇ ಕಡ್ಡಿ ಸಾಲದು, ಸರಾಸರಿ ತೆಗೆಯಬೇಕೆಂದು ಮೂರು ಕೊಯ್ದೆ. ಹಸಿ ಕರವಸ್ತ್ರದಲ್ಲಿ ಸುತ್ತಿ ಪ್ಯಾಂಟಿನ ಕಿಸೆಗೆ ಇಳಿಸಿದೆ. ಆಮೇಲೆ ಕೆಮ್ಮಿದೆ.

ಅರ್ಧ ದಾರಿಯಲ್ಲಿ ಜಗದೇವ ನಿಂತ. "ಯಾಕಲೇ, ಪ್ಯಾಂಟ್ ಹಸಿ ಆಗ್ಯಾದ?"

"ನೀರಿನ ಬಾಟ್ಲಿ ಸೋರತದ."

"ಕೈಯಾಗ ಬಾಟ್ಲಿನ ಇಲ್ಲ!" ಎಂದು ದನಿ ತಗ್ಗಿಸಿದ. "ನಮ್ಮ ವಯಸ್ಸಿನಾಗ ಆಗತದಪ್ಪ, ನಾಚಬ್ಯಾಡ. ಡಾಕ್ಟರ್‌ಗೆ ತೋರಿಸು."

ವಿಜ್ಞಾನಕ್ಕಾಗಿ ಈ ಅಪಮಾನವನ್ನೂ ನುಂಗಿದೆ.

ಮರಳಿ ಬಂದಾಗ ಗೇಟಿನಲ್ಲಿ ಅವನ ಹೆಂಡತಿ ಕಸ್ತೂರಿಬಾಯಿ ನಿಂತಿದ್ದರು. ಪಕ್ಕದ ಮನೆಯ ಲಾಡ್ಲೆಸಾಬನ ಆಡು ಗೇಟಿಗೆ ಕಟ್ಟಿಸಿಕೊಂಡಿತ್ತು.

"ನೋಡ್ರಿ ಅಣ್ಣಾರ! ಮೋಗ್ರಾದ್ದು ಮೂರು ಟೊಂಗಿ ತಿಂದು ನಿಂತದ!"

ಆಡು ಏನನ್ನೋ ಮೆಲ್ಲುತ್ತಲೇ ಇತ್ತು. ಬಿಡಿಸಿ ನೋಡಿದ್ದರೆ ಅದು ಹಿಂದಿನ ದಿನದ ಪೇಪರ್ ಎಂದು ಗೊತ್ತಾಗುತ್ತಿತ್ತು. ಆದರೆ ಯಾರೂ ನೋಡಲಿಲ್ಲ. ಜಗದೇವನ ಮುಖ ಕೆಂಪಾಯಿತು. "ಎಷ್ಟು ಸಲ ಹೇಳಬೇಕು ಇಂವಗ? ಇವತ್ತ ಕೊಂಡವಾಡಕ್ಕ ಹೊಡಿತೇನಿ!" ಕೊಂಡವಾಡಕ್ಕೆ, ಅಂದರೆ ಪುರಸಭೆ ಬೀಡಾಡಿ ದನ ಹಿಡಿದು ಕಟ್ಟುವ ದೊಡ್ಡಿಗೆ!

"ಹೋಗಲಿ ಬಿಡೋ, ಮೂಕ ಪ್ರಾಣಿ," ಎಂದೆ.

"ನೀ ಯಾಕ ಅದರ ವಕೀಲ ಆಗಾಕತ್ತಿ?"

ಅಷ್ಟರಲ್ಲಿ ಲಾಡ್ಲೆಸಾಬನೇ ಬಂದ. "ಇಪ್ಪತ್ತು ವರ್ಷ ಬಾಜೂಕ ಅದೇವು, ಜಗದೇವಣ್ಣ. ಆಡು ಕೊಂಡವಾಡಕ್ಕ ಹೋದ್ರ ನಮ್ಮದು ನಿಮ್ಮದು ಮಾತು ಬಂದ್!" ಎಂದವನು ಗಿಡದ ಬುಡದಲ್ಲಿ ಕುಳಿತು, ಕೊಯ್ದ ತುದಿಗಳನ್ನು ಬೆರಳಿನಿಂದ ಸವರಿ ನೋಡಿದ. "ಆಡು ತಿಂದ್ರ ಜಗ್ಗಿ ಹರೀತದ್ರಿ, ತೊಗಟಿ ಜೋತ ಬೀಳತದ. ಇದು ಸಾಫ್ ಅದ. ಮೂರೂ ಒಂದೇ ಓರೆ. ನಮ್ಮ ಆಡು ಬ್ಲೇಡ್ ಹಿಡೀತದೇನ್ರಿ?"

ಜಗದೇವ ಬಗ್ಗಿ ನೋಡಿದ. ಕನ್ನಡಕ ಹಾಕಿಕೊಂಡು ಮತ್ತೊಮ್ಮೆ ನೋಡಿದ. ಆಮೇಲೆ ನಿಧಾನವಾಗಿ ನನ್ನ ಕಡೆ ತಿರುಗಿದ.

"ನಲವತ್ತೈದು ಡಿಗ್ರಿ," ಎಂದ.

ನಾನು ಕಿಸೆಯಿಂದ ಕರವಸ್ತ್ರ ತೆಗೆದು ಬಿಚ್ಚಿದೆ. ಮೂರು ಕಡ್ಡಿ, ಹನ್ನೆರಡು ಮೊಗ್ಗು. ಪ್ರಯೋಗದ ಉದ್ದೇಶ, ವಿಧಾನ ಎಲ್ಲವನ್ನೂ ಕ್ರಮವಾಗಿ ವಿವರಿಸಿದೆ. ಲಾಡ್ಲೆಸಾಬ ಮಾತ್ರ ಗಮನವಿಟ್ಟು ಕೇಳಿದ.

"ಇನ್ನೂ ಮೂರು ಕೇಳಿದ್ರ ಕೊಡ್ತಿದ್ದಿಲ್ಲೇನು ನಾ?" ಎಂದ ಜಗದೇವ. "ಹನ್ನೊಂದು ವರ್ಷದ ದೋಸ್ತಿ! ನಾಳಿಂದ ಬ್ಯಾರೆ ಯಾರರೆ ಮನಿ ಮುಂದ ಹೋಗಿ ಕೆಮ್ಮು."

ಖಜೂರಿ ರಸ್ತೆಯಲ್ಲಿ ಒಬ್ಬನೇ ನಡೆಯುವುದನ್ನು ಕಲ್ಪಿಸಿಕೊಳ್ಳಲು ಪ್ರಯತ್ನಿಸಿದೆ, ಆಗಲಿಲ್ಲ.

"ತಡೀರಿ," ಎಂದರು ಕಸ್ತೂರಿಬಾಯಿ. "ಅಣ್ಣಾರ, ಯಾವ ಕಡ್ಡಿ ಚಿಗತಾವು? ಕೇಳಿದ್ದೋ, ಕದ್ದದ್ದೋ?"

ಅಂಕಿಅಂಶ ಮುಚ್ಚಿಡುವುದು ನನ್ನ ಜಾಯಮಾನವಲ್ಲ. "ಕದ್ದದ್ದು. ಐದಕ್ಕ ಐದು."

"ಚಿಗೀಲಾರದ ಏನ್ ಮಾಡ್ತಾವು? ಇವರು ನಿನ್ನೆ ನಿಮಗ ಕೊಟ್ಟದ್ದು ಎಂಥಾದ್ದು? ವಾರದಿಂದ ನಾ 'ಒಣಗೇದ, ತಗದು ಒಗೀರಿ' ಅನ್ನಾಕತ್ತಿದ್ದ ಕಡ್ಡಿ! ಕೇಳಿದ್ರ ಮಂದಿ ತಮಗ ಬ್ಯಾಡಾದ್ದು ಕೊಡ್ತಾರ. ತುಡುಗು ಮಾಡೋರು ಛಲೋದು ನೋಡಿ ಕೊಯ್ತಾರ."

ಜಗದೇವ ಕನ್ನಡಕ ತೆಗೆದು ಒರೆಸತೊಡಗಿದ. "ಛಲೋದು ಕೊಡಾಕ ಮನಸಾಗಲಿಲ್ಲಪಾ," ಎಂದ ಮೆಲ್ಲಗೆ.

ನನಗೋ ರೋಮಾಂಚನ! ಪ್ರಯೋಗದ ದೋಷ ಸಿಕ್ಕಿತ್ತು. ಕಳ್ಳತನಕ್ಕೆ ಯಾವ ಮಹಿಮೆಯೂ ಇಲ್ಲ, ಎಲ್ಲವೂ ಕಡ್ಡಿಯ ಆಯ್ಕೆಯಲ್ಲಿದೆ! ವಿಜ್ಞಾನ ಗೆದ್ದಿತು! ಎದೆ ಉಬ್ಬಿಸಿ, ಸ್ನೇಹಿತರಿಗೂ ಒಣ ಕಡ್ಡಿ ದಾಟಿಸುವ ಮನುಷ್ಯನ ಜಿಪುಣತನದ ಮೇಲೆ ಉಪನ್ಯಾಸ ಶುರುಮಾಡಿದೆ. ಎರಡನೆಯ ವಾಕ್ಯಕ್ಕೇ ಕಸ್ತೂರಿಬಾಯಿ ಕೈ ಎತ್ತಿದರು.

"ಖರೆ ಅದ ಅಣ್ಣಾರ. ಹೋದ ವರ್ಷ ನೀವು ನಮಗ ಗುಲಾಬಿ ಕಡ್ಡಿ ಕೊಟ್ಟಿದ್ರಿ. ಅದು ಯಾಕ ಹತ್ತಲಿಲ್ಲ?"

ಹೋದ ವರ್ಷ ಈ ಪ್ರಶ್ನೆಗೆ ನಾನು ಉತ್ತರ ಕೊಟ್ಟಾಗಿತ್ತು. ಇದೇ ಅಂಗಳದಲ್ಲಿ ನಿಂತು, ಇವರ ಮಣ್ಣಿನಲ್ಲಿ ಸುಣ್ಣದ ಅಂಶ ಜಾಸ್ತಿ ಎಂದು ಅರ್ಧ ಗಂಟೆ ವಿವರಿಸಿದ್ದೆ.

"ಅದು, ಮಣ್ಣಿನಾಗಿನ ಸುಣ್ಣ..." ಎಂದೆ.

ಜಗದೇವ ಬಗ್ಗಿ ಒಂದು ಹಿಡಿ ಮಣ್ಣು ತೆಗೆದು ನನ್ನ ಅಂಗೈಗೆ ಹಾಕಿದ. "ಇದರ ಮ್ಯಾಲ ಆಣಿ ಮಾಡಿ ಹೇಳು, ಮಾಸ್ತರ್."

ಮಣ್ಣು ನೋಡಿದೆ. ಒಳ್ಳೆಯ ಕಪ್ಪು ಮಣ್ಣು. ಯಾವ ದೋಷವೂ ಇರಲಿಲ್ಲ.

"ಕಸದ ಬುಟ್ಟಿಗೆ ಹಾಕಾಕ ಕೊಯ್ದಿಟ್ಟ ಕಡ್ಡಿ ಅದು," ಎಂದೆ.

ಮೊದಲು ನಕ್ಕವನು ಲಾಡ್ಲೆಸಾಬ. ಆಮೇಲೆ ಕಸ್ತೂರಿಬಾಯಿ. ಕೊನೆಗೆ ಜಗದೇವ, ಆಡಿನ ಹಗ್ಗ ಬಿಚ್ಚುತ್ತಾ.

"ನಾಳೆ ಐದೂಮುಕ್ಕಾಲಿಗೇ ಬಾ," ಎಂದ. "ಆದ್ರ ಕಿಸೆದ ಬಾಯಿ ಹೊಲಿಸಿಕೊಂಡು ಬಾ!"