ತಾರೀಖಪ್ಪನವರ ಬ್ರೆಡ್ಡು

ಫೆಬ್ರುವರಿ ಮೂರನೆಯ ತಾರೀಖು, ಸೋಮವಾರ, ಮಧ್ಯಾಹ್ನ ಹನ್ನೆರಡೂವರೆಗೆ ತಾರೀಖಪ್ಪನವರ ಹೆಂಡತಿಯ ಅಕ್ಕ ತೀರಿಕೊಂಡರು. ಅಂದಿನಿಂದ ಹೆಂಡತಿ ಗೋಡೆಯತ್ತ ಮುಖಮಾಡಿ ಮಲಗಿದವಳು ದಿನಕ್ಕೆರಡು ಬಿಸ್ಕತ್ತಿನಲ್ಲಿ ಜೀವ ಹಿಡಿದಿದ್ದಳು. ಬೆರಳಿನ ಉಂಗುರ ತಾನಾಗಿಯೇ ಜಾರಿ ಬೀಳುವಷ್ಟು ಸೊರಗಿದ್ದಳು. “ಗೋಧಿ ಬ್ರೆಡ್ಡನ್ನಾದರೂ ತಿನ್ನಿಸಿ. ಇಲ್ಲವಾದರೆ ಆಸ್ಪತ್ರೆಗೆ ಸೇರಿಸಬೇಕಾಗುತ್ತೆ” ಎಂದು ಡಾಕ್ಟರು ಎಚ್ಚರಿಸಿದ್ದರು. ಆದ್ದರಿಂದ ಇಪ್ಪತ್ತೆರಡನೆಯ ತಾರೀಖು, ಶನಿವಾರ, ತಾರೀಖಪ್ಪನವರು ಅಂಗಡಿಯಿಂದ ಬ್ರೆಡ್ಡಿನ ಸಿದ್ಧ ಹಿಟ್ಟಿನ ಪೆಟ್ಟಿಗೆಯೊಂದನ್ನು ತಂದು, ಕನ್ನಡಕ ಒರೆಸಿಕೊಂಡು, ಅಡುಗೆಮನೆಯ ಆಡಳಿತವನ್ನು ವಹಿಸಿಕೊಂಡರು.

(ತಾರೀಖಪ್ಪ ಎಂಬುದು ಹೆತ್ತವರು ಇಟ್ಟ ಹೆಸರಲ್ಲ. ಮೂವತ್ತನಾಲ್ಕು ವರ್ಷ ಆಸ್ಪತ್ರೆಯ ಔಷಧ ಉಗ್ರಾಣದಲ್ಲಿ ಅವಧಿ ಮೀರಿದ ಮಾತ್ರೆಗಳನ್ನು ಹುಡುಕಿ ಹುಡುಕಿ ಎಸೆದುದಕ್ಕೆ ಸಹೋದ್ಯೋಗಿಗಳು ದಯಪಾಲಿಸಿದ ಬಿರುದು.)

ಪೆಟ್ಟಿಗೆಯ ಮೇಲೆ ಆಗಸ್ಟ್ ತಿಂಗಳ ತಾರೀಖಿತ್ತು. ಆದರೆ ಒಳಗಿದ್ದ, ಹಿಟ್ಟನ್ನು ಉಬ್ಬಿಸುವ ಯೀಸ್ಟಿನ ಪುಟ್ಟ ಪೊಟ್ಟಣದ ಮೇಲೆ ಫೆಬ್ರುವರಿ ಇಪ್ಪತ್ತೊಂದು! ಅಂದರೆ ನಿನ್ನೆ! ಸೊರಗಿದ ಹೆಂಡತಿಗೆ ಸತ್ತ ಯೀಸ್ಟು ತಿನ್ನಿಸುವುದೇ? ಪೊಟ್ಟಣವನ್ನು ಒಡೆಯದೆಯೇ ಕಸದ ಬುಟ್ಟಿಗೆ ಗಡೀಪಾರು ಮಾಡಿ, ಉಳಿದದ್ದನ್ನು ನೀರು ಹಾಕಿ ನಾದಿ, ಬಟ್ಟೆ ಮುಚ್ಚಿಟ್ಟರು. ಒಂದು ಗಂಟೆಯ ನಂತರ ಅಳತೆಪಟ್ಟಿ ಹಿಡಿದು ನೋಡಿದರೆ ಹಿಟ್ಟು ಕೂದಲೆಳೆಯಷ್ಟೂ ಮೇಲೆದ್ದಿರಲಿಲ್ಲ. ಶಿಸ್ತಿನ ಹಿಟ್ಟು ಎಂದು ಮೆಚ್ಚಿ ಓವನ್ನಿಗಿಟ್ಟರು.

ಸಂಜೆ ಐದೂ ಹತ್ತಕ್ಕೆ ಮಲಗುವ ಕೋಣೆಯಿಂದ ಕ್ಷೀಣ ಸ್ವರ ಕೇಳಿತು.

“ರೀ, ಏನದು ಸದ್ದು?”

“ಬ್ರೆಡ್ ಕೊಯ್ತಾ ಇದೀನಿ ಕಣೇ.”

“ನೆಲ ಅಗೀತಿದೀರೇನೋ ಅಂದ್ಕೊಂಡೆ.”

ಹತ್ತೊಂಬತ್ತು ದಿನಗಳಲ್ಲಿ ಆಕೆ ಆಡಿದ ಅತಿ ದೀರ್ಘ ಮಾತು ಅದು. ಗೋಡೆ ಹಿಡಿದುಕೊಂಡು ತಾನೇ ಎದ್ದು ಬಂದಳು. ಬ್ರೆಡ್ಡನ್ನು ಬೆರಳಿನಿಂದ ಬಡಿದಳು. ಬಾಗಿಲು ಬಡಿದಂತೆ ಕೇಳಿತು.

“ಯೀಸ್ಟ್ ಎಲ್ಲಿ?”

“ಅದರ ಅವಧಿ ನಿನ್ನೆಗೇ ಮುಗಿದಿತ್ತು.”

ಆಕೆ ಬುಟ್ಟಿಯಿಂದ ಪೊಟ್ಟಣವನ್ನೆತ್ತಿ, ಬೆಚ್ಚಗಿನ ನೀರಿಗೆ ಚಿಟಿಕೆ ಸಕ್ಕರೆಯೊಡನೆ ಸುರಿದಳು. ಹತ್ತು ನಿಮಿಷಕ್ಕೆ ಲೋಟದ ತುಂಬ ನೊರೆ ಉಕ್ಕಿತು.

“ಬದುಕೇ ಇದೆಯಲ್ರೀ! ನಿಮ್ಮ ಕೈಗೆ ಸಿಕ್ಕಿದ್ರೆ ನನ್ನನ್ನೂ ತಾರೀಖು ನೋಡಿ ಎಸೀತೀರಿ.” ತುಟಿಯಂಚಿನಲ್ಲಿ ನಗುವಿನಂಥದೇನೋ ಸುಳಿಯಿತು. “ಹೋಗಲಿ, ಅಕ್ಕ ಮಾಡಿಕೊಟ್ಟ ಕಿತ್ತಳೆ ಜಾಮ್ ಇದೆಯಲ್ಲ, ತನ್ನಿ. ಅದರ ಜೊತೆ ಒಂದು ಚೂರು ತಿಂತೀನಿ.”

ತಾರೀಖಪ್ಪನವರು ಕಪಾಟಿನ ಕಡೆಗೆ ಒಂದು ಹೆಜ್ಜೆ ಇಟ್ಟು ಅಲ್ಲೇ ನಿಂತರು.

“ಕಪಾಟು... ಹದಿನಾರನೇ ತಾರೀಖು ಭಾನುವಾರ ಶುಚಿ ಮಾಡಿದೆ.”

“ಅದಕ್ಕೆ?”

“ಬಾಟಲಿ ಮೇಲೆ ತಾರೀಖೇ ಬರೆದಿರ್ಲಿಲ್ಲ ಕಣೇ.”

ಆಕೆ ಖಾಲಿ ಕಪಾಟನ್ನು ನೋಡಿದಳು. ಗಂಡನನ್ನು ನೋಡಿದಳು. ಆಮೇಲೆ ಕುರ್ಚಿಯನ್ನೆಳೆದು ಕುಳಿತು, ಆ ಕಲ್ಲಿನಂಥ ಹೋಳನ್ನು ಬಾಯಿಗಿಟ್ಟು ಕಟಕಟನೆ ಅಗಿಯತೊಡಗಿದಳು. ಕಣ್ಣೀರು ಕೆನ್ನೆಯಿಂದ ತಟ್ಟೆಗೆ ಇಳಿಯುತ್ತಿತ್ತು. ಹಲ್ಲು ಮಾತ್ರ ನಿಲ್ಲಲಿಲ್ಲ.

ಅಂತೂ ತಿಂದಳಲ್ಲ ಎಂಬ ಸಂತೋಷಕ್ಕೆ ತಾರೀಖಪ್ಪನವರು ಏನನ್ನೋ ಹೇಳಹೊರಟರು.

“ನೀವು ಬಾಯಿ ತೆರೀಬೇಡಿ. ಇನ್ನೊಂದು ಹೋಳು ಕೊಯ್ರಿ.”

ಆಕೆ ಮತ್ತೆ ಅವರೊಡನೆ ಮಾತಾಡಿದ್ದು ಮಾರ್ಚ್ ಹದಿನಾಲ್ಕನೆಯ ತಾರೀಖು, ಶುಕ್ರವಾರ, ಬೆಳಿಗ್ಗೆ ಎಂಟೂ ಇಪ್ಪತ್ತಕ್ಕೆ. ಅಷ್ಟರಲ್ಲಿ ಅವರು ಬೇಯಿಸಿದ್ದು ಒಂಬತ್ತು ಬ್ರೆಡ್ಡು. ಆಕೆ ಮೌನವಾಗಿ ತಿಂದು ಮುಗಿಸಿದ್ದೂ ಒಂಬತ್ತು. ಹತ್ತನೆಯದರ ಮೊದಲ ತುತ್ತು ನುಂಗಿ, ಕಿಟಕಿಯ ಕಡೆಗೆ ನೋಡುತ್ತ ಹೇಳಿದಳು:

“ಉಪ್ಪು ಸಾಲದು.”